ಗಂಟಿನೊಳಗೆ ಪುಡಿ ಹಚ್ಚಿರಲಿಲ್ಲ

ಪುಡಿಯಮ್ಮನಿಗೆ ಆ ಮುದುಕಿಯನ್ನು ಕಂಡರೆ ಆಗುತ್ತಿರಲಿಲ್ಲ.

ಅಪರಾಧ ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ, ಬೆರಳಚ್ಚು ವಿಭಾಗದ ಬಾಗಿಲಿಗೆ ನೇರ ಎದುರಾಗಿ, ಒಂದು ಕಬ್ಬಿಣದ ಬೆಂಚಿತ್ತು. ಬೆಳಿಗ್ಗೆ ಹತ್ತಕ್ಕೆ ಮುದುಕಿ ಬಂದು ಅದರ ಮೇಲೆ ಕೂತಳೆಂದರೆ ಸಂಜೆ ಕಾವಲುಗಾರ ಬೀಗದ ಕೈ ಗೊಂಚಲು ಅಲ್ಲಾಡಿಸುವವರೆಗೆ ಏಳುವ ಮಾತಿಲ್ಲ. ಹೊಲಿಗೆ ಕೆಲಸದವಳು. ಚೀಲದಿಂದ ಯಾರದೋ ಅಂಗಿ ತೆಗೆದು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸಿ, ಗುಂಡಿ ಹಾಕುತ್ತಾ ಕೂರುತ್ತಿದ್ದಳು. ಪುಡಿಯಮ್ಮ ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿ ಅದೇ ಮಾತು.

"ನನ್ನ ಮಗಳನ್ನ ಕೊಂದದ್ದು ನನ್ನ ಅಳಿಯ. ಆ ಇಸ್ತ್ರಿಪೆಟ್ಟಿಗೆ..."

"ಎಲ್ಲ ಕಡತದಲ್ಲಿದೆ," ಎಂದು ಪುಡಿಯಮ್ಮ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಲವತ್ತೊಂದು ದಿನದಿಂದ ನಡೆದಿತ್ತು ಈ ಪಾರಾಯಣ.

ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಹುಟ್ಟಿದವಳು ಪುಡಿಯಮ್ಮ. ವಯಸ್ಸು ಐವತ್ತೊಂದು. ಇಪ್ಪತ್ತಾರು ವರ್ಷದಿಂದ ಕೊಲೆ ಕಳ್ಳತನ ನಡೆದ ಮನೆಗಳಲ್ಲಿ ಬಾಗಿಲು, ಕಿಟಕಿ, ಲೋಟ, ಬೀರುಗಳಿಗೆ ಕಪ್ಪು ಪುಡಿ ಹಚ್ಚಿ ಬೆರಳಚ್ಚು ಎಬ್ಬಿಸುವುದೇ ಅವಳ ಕಸುಬು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಿರಲಿಲ್ಲ. ಕಟ್ಟಿಕೊಂಡ ಗಂಡ ನಾಲ್ಕು ವರ್ಷ ಸಹಿಸಿ, "ನಿನಗೆ ಬೇಕಾಗಿರೋದು ಬೆರಳು, ಕೈ ಹಿಡಿದವನಲ್ಲ" ಎಂದು ಹೇಳಿ ಹೊರಟುಹೋಗಿದ್ದ. ಅವನು ಹೋದ ಮೇಲೆ ಬಾಗಿಲ ಹಿಡಿಯ ಮೇಲೆ ಉಳಿದ ಅವನ ಹೆಬ್ಬೆರಳ ಗುರುತನ್ನು ಅವಳು ಎರಡು ದಿನ ಒರೆಸಿರಲಿಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಈಗ ಮನೆಯಲ್ಲಿರುವುದು ಅವಳು ಮತ್ತು ಅವಳ ಅಪ್ಪ. ಅಪ್ಪನೂ ಇದೇ ಕಸುಬಿನವನು, ಇದೇ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಕೋರ್ಟಿನಲ್ಲಿ ಅವನು ಸಾಕ್ಷಿ ಹೇಳಲು ನಿಂತರೆ ಎದುರು ವಕೀಲ ಕಾಗದ ಮಡಚಿಕೊಳ್ಳುತ್ತಿದ್ದನಂತೆ. ಹಾಗಂತ ಹೇಳುವವನೂ ಅಪ್ಪನೇ, ಅದು ಬೇರೆ ಮಾತು. ನಿವೃತ್ತಿಯ ದಿನ ಅವನು ಮಗಳ ಕೈಗೆ ತನ್ನ ಬ್ರಷ್ ಇಟ್ಟಿದ್ದ. ಅಳಿಲಿನ ಕೂದಲಿನದು, ಹಿಡಿ ಸವೆದು ಬೆರಳಿನ ಆಕಾರಕ್ಕೇ ಬಂದದ್ದು. "ಇದನ್ನ ತೊಳೀಬೇಡ, ತೊಳೆದ್ರೆ ಸತ್ತುಹೋಗುತ್ತೆ. ಯಾರಿಗೂ ಕೊಡಬೇಡ," ಎಂದಿದ್ದ. ಆದರೆ ಕೊಟ್ಟ ಮೇಲೂ ಅವನೇ ಬಿಟ್ಟಿರಲಿಲ್ಲ. ಭಾನುವಾರ ಬಂತೆಂದರೆ ಕಿಟಕಿಯ ಬಳಿ ಪತ್ರಿಕೆ ಹಾಸಿಕೊಂಡು ಕೂತು, ಹಳೆಯ ಪುಡಿ ಕೊಡವಿ, ಕೂದಲನ್ನು ಎಳೆಎಳೆಯಾಗಿ ಬಿಡಿಸಿ, ತುದಿಯನ್ನು ತುಟಿಗಳ ನಡುವೆ ಹಿಡಿದು ನೇರ ಮಾಡಿ ಕೊಡುತ್ತಿದ್ದ. ಅಪ್ಪ ಮಗಳು ಜಗಳವಾಡದೆ ಒಂದು ಗಂಟೆ ಕಳೆಯುತ್ತಿದ್ದುದು ವಾರಕ್ಕೆ ಅದೊಂದೇ.

ಉಳಿದವರೆಲ್ಲ ಒಂದು ಸಲ ಬಳಸಿ ಬಿಸಾಡುವ ಬ್ರಷ್‌ಗೆ ಬಂದಿದ್ದರು. ಹಾಗೇ ಮಾಡಬೇಕೆಂದು ಡಿಎನ್‌ಎ ವಿಭಾಗದಿಂದ ಪುಡಿಯಮ್ಮನಿಗೆ ಮೂರು ಸುತ್ತೋಲೆ ಬಂದಿದ್ದವು. ಮೂರನ್ನೂ ಮಡಚಿ ಅವಳು ತನ್ನ ಕುಂಟು ಮೇಜಿನ ಕಾಲಿಗೆ ಕೊಟ್ಟಿದ್ದಳು.

ಸುತ್ತೋಲೆ ಕಳಿಸಿದವಳು ಹತ್ತಿಕಡ್ಡಿ. ಆ ಹೆಸರಿಟ್ಟವಳು ಪುಡಿಯಮ್ಮನೇ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಬೆವರು ಎಂಜಲು ಒರೆಸಿಕೊಂಡು ಯಂತ್ರಕ್ಕೆ ಹಾಕುವುದು ಅವಳ ಕೆಲಸ. ಆಕಾರದಲ್ಲೂ ಹಾಗೇ ಇದ್ದಳು, ಸಣ್ಣಗೆ, ಮೇಲೆ ಗುಂಗುರು ತಲೆ. ಆ ಯಂತ್ರ ಬಂದಾಗ ಬೆಳಕಿದ್ದ ಕೋಣೆ ಅದಕ್ಕೆ ಹೋಗಿ, ಬೆರಳಚ್ಚಿನವರು ಶೌಚಾಲಯದ ಪಕ್ಕಕ್ಕೆ ಬಂದಿದ್ದರು. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಕೊಲೆಗಳ ವಿಷಯಕ್ಕೆ ಬರೋಣ. ಐದು ತಿಂಗಳ ಹಿಂದೆ ಒಬ್ಬ ಗ್ರಂಥಪಾಲಕಿ ತನ್ನ ಮನೆಯಲ್ಲೇ ಹೆಣವಾಗಿ ಸಿಕ್ಕಳು. ಇಸ್ತ್ರಿಪೆಟ್ಟಿಗೆಯ ತಂತಿ ಕುತ್ತಿಗೆಗೆ ಬಿಗಿದಿತ್ತು. ಕೊಂದವನು ಆಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ್ದ. ಪತ್ರಿಕೆಗಳು ತಂತಿ, ಕುರ್ಚಿ, ಗೋಡೆ ಎಲ್ಲವನ್ನೂ ಚಿತ್ರ ಸಮೇತ ಬರೆದವು. ಮೂರು ತಿಂಗಳ ಮೇಲೆ ಕನ್ನಡಕದ ಅಂಗಡಿಯವನ ಹೆಂಡತಿ ಸತ್ತಳು. ಅದೇ ತಂತಿ, ಅದೇ ಕುರ್ಚಿ, ಅದೇ ಗೋಡೆ. ಇವಳೇ ಮುದುಕಿಯ ಮಗಳು.

ಇನ್‌ಸ್ಪೆಕ್ಟರ್ ಮೊದಲು ಹಿಡಿದದ್ದು ಗಂಡನನ್ನೇ. ಒಂಬತ್ತು ದಿನ ಒಳಗಿಟ್ಟ. ಆದರೆ ಎರಡೂ ಮನೆಗಳಲ್ಲಿ ಪುಡಿಯಮ್ಮ ಎಬ್ಬಿಸಿದ ಗುರುತುಗಳಲ್ಲಿ ಕೆಲವು ಕಲಸಿಹೋಗಿ ಓದಲು ಬರುತ್ತಿರಲಿಲ್ಲ. ಬೆರಳಿನ ಗೆರೆ ಹೇಳದಿದ್ದರೆ ಬೆವರಾದರೂ ಹೇಳಲಿ ಎಂದು ಹತ್ತಿಕಡ್ಡಿ ಅವುಗಳನ್ನು ಒರೆಸಿಕೊಂಡಳು. ಎರಡೂ ಕಡೆ ಸಿಕ್ಕವನು ಒಬ್ಬನೇ, ಯಾರೆಂದು ಗೊತ್ತಿಲ್ಲದ ಗಂಡಸು. ಕನ್ನಡಕದವನಲ್ಲ. ಕಡತದಲ್ಲಿ 'ಅಪರಿಚಿತ ಪುರುಷ' ಎಂದು ಬರೆದರು. ಇನ್‌ಸ್ಪೆಕ್ಟರ್ ಕನ್ನಡಕದವನ ಕ್ಷಮೆ ಕೇಳಿ ಬಿಟ್ಟುಕಳಿಸಿದ. ಆಮೇಲೆ ಇಡೀ ಊರು ಅಪರಿಚಿತ ಪುರುಷನ ಬೆನ್ನು ಹತ್ತಿತು. ನಾನೂರು ಗಂಡಸರ ಬಾಯಿಗೆ ಕಡ್ಡಿ ಹಾಕಿಸಿದರು. ಎಂಥ ಚಾಣಾಕ್ಷ, ಎಲ್ಲೂ ಸಿಗುವುದಿಲ್ಲವಲ್ಲ ಎಂದು ಬೆರಗಾದರು.

ಬಿಡುಗಡೆಯಾದ ವಾರಕ್ಕೆ ಕನ್ನಡಕದವನು ಆರು ವರ್ಷದ ಮಗಳ ಕೈ ಹಿಡಿದುಕೊಂಡು ಪುಡಿಯಮ್ಮನ ಬಾಗಿಲಿಗೆ ಬಂದಿದ್ದ. ಮೆತ್ತಗಿನ ಮನುಷ್ಯ, ಒಗೆದ ಅಂಗಿ, ಮಾತಿಗೊಂದು ಮೇಡಂ.

"ನೋಡು, ಅಪ್ಪ ಒಳ್ಳೆಯವರು ಅಂತ ಹೇಳಿದ್ದು ಇವರೇ. ಥ್ಯಾಂಕ್ಸ್ ಹೇಳು," ಎಂದ.

ಮಗು ಹೇಳಲಿಲ್ಲ. ಅಪ್ಪನ ಮುಷ್ಟಿಯೊಳಗಿದ್ದ ತನ್ನ ಬೆರಳುಗಳನ್ನೇ ನೋಡುತ್ತಿತ್ತು. ಪುಡಿಯಮ್ಮ ಅದನ್ನು ಮಗುವಿನ ನಾಚಿಕೆ ಎಂದುಕೊಂಡಳು. ಬೆಂಚಿನ ಮೇಲಿದ್ದ ಮುದುಕಿ ಎದ್ದು ಮೊಮ್ಮಗಳ ಕಡೆ ಬಂದಾಗ ಅವನು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದುಬಿಟ್ಟ. ಪುಡಿಯಮ್ಮ ಮುದುಕಿಯನ್ನೇ ಬೈದಳು.

ಈಗ ಅವನು ಅಂಗಡಿ ಮುಚ್ಚಿದ್ದ. ಗುರುವಾರ ಬೆಳಿಗ್ಗೆ ಮಗುವನ್ನು ಕರೆದುಕೊಂಡು ಸಮುದ್ರದಾಚೆಯ ದೇಶದಲ್ಲಿರುವ ಅಣ್ಣನ ಹತ್ತಿರ ಹೊರಟಿದ್ದ. ಹೋದರೆ ಮತ್ತೆ ಬರುವವನಲ್ಲ ಎಂದು ಮುದುಕಿ ಪಡಸಾಲೆಯಲ್ಲಿ ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು. "ಅವಳು ಬಾಯಿ ಬಿಡೋಷ್ಟು ದೊಡ್ಡವಳಾಗೋದ್ರೊಳಗೆ ಅವಳನ್ನೂ ಮುಗಿಸ್ತಾನೆ," ಎನ್ನುತ್ತಿದ್ದಳು. ಯಾರೂ ನಿಲ್ಲುತ್ತಿರಲಿಲ್ಲ.

ಸೋಮವಾರ ಇನ್‌ಸ್ಪೆಕ್ಟರ್ ಪುಡಿಯಮ್ಮನನ್ನು ಠಾಣೆಗೆ ಕರೆಸಿದ. ಒಳಕೋಣೆಯಲ್ಲಿ ಒಬ್ಬ ಕಳ್ಳ ಗೋಡೆಗೆ ಒರಗಿ ಕೂತಿದ್ದ, ತುಟಿ ಒಡೆದಿತ್ತು. ಎರಡು ವಾರದ ಹಿಂದೆ ಹಲ್ಲಿನ ವೈದ್ಯರೊಬ್ಬರ ಹೊಸ ಆಸ್ಪತ್ರೆಗೆ ನುಗ್ಗಿದವನು. ಬೆರಳಚ್ಚು ಅವನದೇ, ಒಪ್ಪಿಕೊಂಡೂ ಆಗಿತ್ತು. ಆದರೆ ಕಿಟಕಿಯ ಕಟ್ಟೆಯ ಮೇಲಿನ ಒಂದು ಕಲಸಿದ ಗುರುತಿನಲ್ಲಿ ಅಪರಿಚಿತ ಪುರುಷ ಸಿಕ್ಕಿದ್ದ.

"ಕೊಲೆಗಾರ ಇವನ ಜೊತೆಗಾರ. ಬಾಯಿ ಬಿಡ್ತಿಲ್ಲ. ಅಲ್ಲಿ ಎಷ್ಟು ಜನ ಇದ್ರು ಹೇಳಿ, ಮುಖಕ್ಕೆ ಹೇಳಿ," ಎಂದ ಇನ್‌ಸ್ಪೆಕ್ಟರ್.

"ಒಬ್ನೇ," ಎಂದಳು ಪುಡಿಯಮ್ಮ. ಸುಳ್ಳು ಅವಳಿಗೆ ಬರುತ್ತಿರಲಿಲ್ಲ, ಯಾರನ್ನು ಸಂತೋಷಪಡಿಸುವುದಕ್ಕೂ. "ಗೋಡೆಗೆ ಗಾರೆ ಮಾಡಿ ಒಂದು ದಿನ ಆಗಿತ್ತು. ನೆಲದ ತುಂಬ ಬಿಳೀ ಧೂಳು. ಒಂದೇ ಜೊತೆ ಬೂಟು ಕಿಟಕಿಯಿಂದ ಒಳಗೆ ಬಂದಿದೆ, ಅದೇ ಜೊತೆ ಹೊರಗೆ ಹೋಗಿದೆ. ಫೋಟೋ ಕೊಟ್ಟಿದ್ದೀನಲ್ಲ, ನೋಡಲಿಲ್ವಾ?"

"ಹಾಗಾದ್ರೆ ಕೊಲೆಗಾರ ಹಾರಿಕೊಂಡು ಬಂದ್ನಾ?"

"ಅದು ನಿಮ್ಮ ಕೆಲಸ."

ಇನ್‌ಸ್ಪೆಕ್ಟರ್ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು. ಪೇದೆಗೆ ಕಣ್ಸನ್ನೆ ಮಾಡಿದ. ಏಟು ಬೀಳುವ ಮೊದಲೇ ಕಳ್ಳ ತಲೆಗೆ ಕೈ ಅಡ್ಡ ಹಿಡಿದು, ಅಳುವ ದನಿಯಲ್ಲಲ್ಲ, ಸಿಟ್ಟಿನಲ್ಲೇ ಹೇಳಿದ.

"ನಾನು ಒಬ್ನೇ ಹೋದೆ, ಒಬ್ನೇ ಬಂದೆ. ಆಮೇಲೆ ಆ ಕಿಟಕಿ ಮುಟ್ಟಿದ್ದು ಈಯಮ್ಮ. ಇವರನ್ನ ಹೊಡೀರಿ."

ಪೇದೆ ನಕ್ಕ. ಇನ್‌ಸ್ಪೆಕ್ಟರ್ ಕೂಡ ನಕ್ಕ. ಪುಡಿಯಮ್ಮ ನಗಲಿಲ್ಲ. ಗ್ರಂಥಪಾಲಕಿಯ ಮನೆ, ಕನ್ನಡಕದವನ ಮನೆ, ಹಲ್ಲಿನ ಆಸ್ಪತ್ರೆ. ಮೂರಕ್ಕೂ ಹೋಗಿಬಂದ ಗಂಡಸು ಯಾರೂ ಇಲ್ಲ. ಮೂರಕ್ಕೂ ಹೋಗಿಬಂದದ್ದು ಬ್ರಷ್ ಇಟ್ಟುಕೊಳ್ಳುವ ಅವಳ ಚೀಲ.

ಅವಳು ನೇರ ಪ್ರಯೋಗಾಲಯಕ್ಕೆ ಬಂದು, ಐದು ವರ್ಷದಿಂದ ಕಾಲಿಡದ ಬೆಳಕಿನ ಕೋಣೆಗೆ ಕಾಲಿಟ್ಟು, ಬ್ರಷ್ಷನ್ನು ಮೇಜಿನ ಮೇಲೆ ಇಟ್ಟಳು.

"ಇದನ್ನ ಪರೀಕ್ಷೆ ಮಾಡು."

ಹತ್ತಿಕಡ್ಡಿ ಬ್ರಷ್ ನೋಡಿದಳು, ಅವಳ ಮುಖ ನೋಡಿದಳು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಮೂರು ಸುತ್ತೋಲೆ ಕಳಿಸಿದ್ದೆ."

"ಮೇಜಿನ ಕಾಲಡಿ ಇವೆ. ಬೇಕಾದ್ರೆ ತಂದುಕೊಡ್ತೀನಿ."

"ನಿಮ್ಮ ಸೊಕ್ಕಿಗೆ ಒಂದು ದಿನ ಯಾರಾದ್ರೂ ಸಾಯ್ತಾರೆ ಅಂತ ಅಂದುಕೊಂಡಿದ್ದೆ."

"ಇನ್ನೂ ಸತ್ತಿಲ್ಲ. ಗುರುವಾರದವರೆಗೆ ಸಮಯ ಇದೆ. ಬೇಗ ಮಾಡು."

ಮಂಗಳವಾರ ಮಧ್ಯಾಹ್ನ ಹತ್ತಿಕಡ್ಡಿಯೇ ಕರೆದಳು. ಕೋಣೆಯ ಬಾಗಿಲು ಹಾಕಿದಳು. ಬ್ರಷ್ಷಿನ ಕೂದಲಲ್ಲಿ ಅಪರಿಚಿತ ಪುರುಷ ದಂಡಿಯಾಗಿದ್ದ, ಬುಡದಿಂದ ತುದಿಯವರೆಗೆ, ತುದಿಯಲ್ಲೇ ಹೆಚ್ಚು. ಅಷ್ಟು ಹೇಳಿ ಹತ್ತಿಕಡ್ಡಿ ಇನ್ನೊಂದು ಹಾಳೆ ಎಳೆದುಕೊಂಡಳು. ಅವಳ ಮುಖದಲ್ಲಿ ಗೆದ್ದವಳ ಕಳೆ ಇರಲಿಲ್ಲ.

"ಇನ್ನೇನು?" ಎಂದಳು ಪುಡಿಯಮ್ಮ.

"ನೌಕರರದ್ದೆಲ್ಲ ಯಂತ್ರದಲ್ಲಿದೆ, ನಿಮ್ಮದೂ ಇದೆ. ಪೂರ್ತಿ ಹೊಂದಿದ್ರೆ ಮಾತ್ರ ಯಂತ್ರ ಹೇಳುತ್ತೆ. ಅರ್ಧ ಹೊಂದಿದ್ರೆ ಅದಕ್ಕೆ ಬಾಯಿಲ್ಲ. ಇವತ್ತು ನಾನೇ ಕಣ್ಣಲ್ಲಿ ನೋಡಿದೆ. ಮುಂಚೆನೇ ನೋಡಬೇಕಿತ್ತು." ಅವಳ ದನಿ ಇಳಿಯಿತು. "ನಿಮ್ಮ ಜೊತೆ ಸರಿಯಾಗಿ ಅರ್ಧ ಹೊಂದುತ್ತೆ. ನಿಮಗೆ ಮಗ ಇದ್ದಾನಾ?"

"ಇಲ್ಲ."

"ಹಾಗಾದ್ರೆ ಅಪ್ಪ."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾನೂರು ಗಂಡಸರ ಬಾಯಿ ತೆರೆಸಿದ್ದರು. ಆ ಐದೂ ತಿಂಗಳು, ಭಾನುವಾರ ಭಾನುವಾರ, ಕಿಟಕಿಯ ಬಳಿ ಪತ್ರಿಕೆ ಹಾಸಿಕೊಂಡು, ಊರು ಹುಡುಕುತ್ತಿದ್ದ 'ಕೊಲೆಗಾರ' ಅವಳೆದುರೇ ಕೂತು, ಬ್ರಷ್ಷಿನ ತುದಿಯನ್ನು ತುಟಿಯಲ್ಲಿ ನೇರ ಮಾಡಿ ಅವಳ ಕೈಗೆ ಕೊಡುತ್ತಿದ್ದ. ಅವಳಿಗೆ ಕೂರಬೇಕೆನ್ನಿಸಿತು. ಆದರೆ ಹತ್ತಿಕಡ್ಡಿಯ ಎದುರು ಕೂರಲಿಲ್ಲ.

ಹೊರಗೆ ಬಂದರೆ ಮುದುಕಿ ದಾರದ ತುದಿಯನ್ನು ಬಾಯಿಗಿಟ್ಟುಕೊಂಡಿದ್ದಳು. ಪುಡಿಯಮ್ಮ ಅದನ್ನೇ ನೋಡುತ್ತ ನಿಂತಳು.

"ಆ ಇಸ್ತ್ರಿಪೆಟ್ಟಿಗೆ ಏನಾಯ್ತು ಅಂದಿದ್ದೆ?"

ಮುದುಕಿ ಸೂಜಿ ಪೋಣಿಸಿ ಮುಗಿಸಿ, ಅಂಗಿಗೆ ಒಂದು ಹೊಲಿಗೆ ಹಾಕಿ, ಆಮೇಲೆ ತಲೆಯೆತ್ತಿದಳು. "ಈಗ ಕಿವಿ ಬಂತಾ?"

"ಹೇಳು."

"ಅದು ಅವರ ಮನೇದಲ್ಲ, ನಂದು. ಅವರದ್ದು ಸುಟ್ಟುಹೋಗಿತ್ತು. ಅವತ್ತು ಮಧ್ಯಾಹ್ನ ಎರಡಕ್ಕೆ ನಾನೇ ನನ್ನದನ್ನ ಒರೆಸಿ, ತಗೊಂಡುಹೋಗಿ ಮಗಳ ಕೈಗೆ ಕೊಟ್ಟೆ. ಆರಕ್ಕೆ ಪಕ್ಕದ ಮನೆಯವರು ನೋಡಿದಾಗ ಅವಳು ಸತ್ತಿದ್ಲು. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋದವನು ಪೊಲೀಸರು ಕರೆಯೋವರೆಗೆ ಮನೆಗೆ ಬಂದೇ ಇಲ್ಲ ಅಂತ ಅವನು ಬರೆದುಕೊಟ್ಟಿದ್ದಾನೆ. ಆ ಪೆಟ್ಟಿಗೆ ಅವನು ಕಣ್ಣಲ್ಲೂ ನೋಡಿರಬಾರದು. ನೀವು ಅವನ ಗುರುತು ಅದರ ಮೇಲೆ ಹುಡುಕಿದ್ರಾ ಅಂತ ಕೇಳೋಕೆ ಕೂತಿದ್ದೀನಿ, ನಲವತ್ತೆರಡು ದಿನದಿಂದ."

ಹುಡುಕಿದ್ದರು, ಸಿಕ್ಕಿಯೂ ಇತ್ತು. ಮನೆಯ ಪೆಟ್ಟಿಗೆ, ಮನೆಯ ಗಂಡಸು, ಮುಟ್ಟಿರುತ್ತಾನೆ ಎಂದು ಒಂದೇ ಸಾಲು ಬರೆದು ಬಿಟ್ಟಿದ್ದರು. ಅಪರಿಚಿತ ಪುರುಷ ಸಿಕ್ಕ ಮೇಲೆ ಆ ಸಾಲನ್ನು ಮತ್ತೆ ಓದಿದವರಿಲ್ಲ.

ಆ ಸಂಜೆ ಪುಡಿಯಮ್ಮ, ಹತ್ತಿಕಡ್ಡಿ ಇಬ್ಬರೂ ಇನ್‌ಸ್ಪೆಕ್ಟರ್ ಎದುರು ನಿಂತರು. ಅವನು ಪೂರ್ತಿ ಕೇಳಿ, ಪೆನ್ನಿನ ಮುಚ್ಚಳ ಹಾಕಿದ.

"ಕನ್ನಡಕದವನನ್ನ ಒಂದು ಸಲ ಒಳಗಿಟ್ಟು ಕ್ಷಮೆ ಕೇಳಿದ್ದೀನಿ. ಇನ್ನೊಂದು ಸಲ ಮುಟ್ಟಿದ್ರೆ ನನ್ನ ಟೋಪಿ ಹೋಗುತ್ತೆ. ನಿಮ್ಮ ಬ್ರಷ್ಷಲ್ಲಿ ಅಪರಿಚಿತನ ಗುರುತಿದೆ ಅಂದ್ರೆ, ಗ್ರಂಥಪಾಲಕಿ ಮನೇಲಿ ಕೊಲೆಗಾರನದ್ದು ಅಂಟಿಕೊಂಡಿರಬಹುದು. ಅರ್ಧ ಹೊಂದುತ್ತೆ ಅನ್ನೋದನ್ನ ನ್ಯಾಯಾಧೀಶರ ಮುಂದೆ ಇಡೋಕಾಗಲ್ಲ. ಅದು ನಿಮ್ಮ ತಂದೆಯದ್ದೇ ಅಂತಾದ್ರೆ ಅವರ ಬಾಯಿಂದ ತೆಗೆದು, ಅವರ ಸಹಿ ಹಾಕಿಸಿ ತನ್ನಿ. ನಾಳೆ ಸಂಜೆಯೊಳಗೆ. ಕದ್ದು ತಂದ್ರೆ ನಡೆಯಲ್ಲ."

ಎಂದೂ ಸರಿಯಾದ ಮಾತಾಡದವನು ಅಂದು ಸರಿಯಾಗಿಯೇ ಮಾತಾಡಿದ್ದ. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

ಬುಧವಾರ ಬೆಳಿಗ್ಗೆ ಹತ್ತಿಕಡ್ಡಿ ತನ್ನ ಪೆಟ್ಟಿಗೆ ಹಿಡಿದು ಪುಡಿಯಮ್ಮನ ಮನೆಗೆ ಬಂದಳು. ಅವಳ ಹಿಂದೆಯೇ, ಯಾರೂ ಕರೆಯದಿದ್ದರೂ, ಮುದುಕಿ. ಗೇಟಿನ ಹೊರಗೇ ನಿಲ್ಲಿಸಬೇಕೆಂದು ಪುಡಿಯಮ್ಮ ಬಾಯಿ ತೆರೆದವಳು ಮುಚ್ಚಿಕೊಂಡಳು. ಮುದುಕಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು.

ಅಪ್ಪ ಕಿಟಕಿಯ ಬಳಿ ಪತ್ರಿಕೆ ಓದುತ್ತಿದ್ದ. ಎಂಬತ್ತೆರಡಾದರೂ ಬೆನ್ನು ಬಾಗಿರಲಿಲ್ಲ, ನಾಲಿಗೆಯಂತೂ ಎಂದೂ ಬಾಗಿರಲಿಲ್ಲ. ಪುಡಿಯಮ್ಮ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ, ಅವನ ಕೈ ನೋಡಿದಳು. ಪತ್ರಿಕೆ ಹಿಡಿದ ಕೈ ಅಲುಗಲಿಲ್ಲ.

"ಅಂದ್ರೆ ಕೊಲೆಗಾರ ನಾನು," ಎಂದ.

"ಹಾಗಂದ್ನಾ ನಾನು?"

"ಮೂವತ್ತೊಂದು ವರ್ಷ ಕೋರ್ಟಲ್ಲಿ ನಿಂತಿದ್ದೀನಿ. ಈಗ ಕಳ್ಳನಿಗೆ ಹಾಕೋ ಹಾಗೆ ನನ್ನ ಬಾಯಿಗೆ ಕಡ್ಡಿ ಹಾಕಿಸ್ತೀಯ. ನಾಳೆ ಪೇಪರಲ್ಲಿ ಬರುತ್ತೆ. ನಾನು ಜೈಲಿಗೆ ಕಳಿಸಿದವರ ಮಕ್ಕಳು ಮೊಮ್ಮಕ್ಕಳೆಲ್ಲ ಓದ್ತಾರೆ. ಆಗಲ್ಲ."

"ಆ ಮಗು ನಾಳೆ ಬೆಳಿಗ್ಗೆ ಹೋಗುತ್ತೆ ಅಪ್ಪ."

"ಬ್ರಷ್ ತೊಳೆದಿದ್ರೆ ಇದು ಬರ್ತಿರಲಿಲ್ಲ."

"ತೊಳೀಬೇಡ ಅಂದಿದ್ದು ನೀವು."

"ನಾನು ಹೇಳಿದ್ದೆಲ್ಲ ಕೇಳೋಕೆ ನೀನೇನು ಎಳೇ ಮಗುನಾ?"

ಆ ಮಾತು ಪುಡಿಯಮ್ಮನಿಗೆ ಕೆನ್ನೆಗೆ ಬಿದ್ದ ಹಾಗಾಯಿತು. ಇಷ್ಟು ವರ್ಷ ಅಪ್ಪನ ಮಾತನ್ನು ಮೀರದಿದ್ದುದೇ ತನ್ನ ಹೆಚ್ಚುಗಾರಿಕೆ ಎಂದುಕೊಂಡಿದ್ದಳು. ಅವಳಿಗೆ ಅಳು ಬಂತು, ಅದರ ಮೇಲೆ ಸಿಟ್ಟು ಬಂತು.

ಮಾತಾಡಿದವಳು ಮುದುಕಿ. ಎದ್ದು ನಿಲ್ಲಲೂ ಇಲ್ಲ.

"ನಿಮ್ಮ ಮಗಳು ನಿಮ್ಮ ಮುಂದೆ ನಿಂತು ಜಗಳ ಆಡ್ತಿದ್ದಾಳೆ. ನನ್ನ ಮಗಳು ಇಲ್ಲ. ನಾನು ಒರೆಸಿ ಕೊಟ್ಟ ಪೆಟ್ಟಿಗೆ ತಂತೀಲೇ ಸತ್ತಳು. ನಿಮ್ಮ ಮಾನ ಏನಾದ್ರೂ ಆಗಲಿ, ನನಗೇನು."

ಅಪ್ಪ ಮೊದಲ ಸಲ ಅವಳ ಕಡೆ ತಿರುಗಿದ. "ಯಾವ ಪೆಟ್ಟಿಗೆ?"

ಅವಳು ಹೇಳಿದಳು. ಎರಡು ಗಂಟೆ, ಆರು ಗಂಟೆ, ಸುಟ್ಟುಹೋದ ಹಳೆಯ ಪೆಟ್ಟಿಗೆ, ಅಳಿಯ ಬರೆದುಕೊಟ್ಟ ಹೇಳಿಕೆ. ಅಪ್ಪ ಪತ್ರಿಕೆ ಮಡಚಿ ಪಕ್ಕಕ್ಕಿಟ್ಟ. ಅವನ ಬೆನ್ನು ಇನ್ನೂ ನೇರವಾಯಿತು; ಕೋರ್ಟಿನಲ್ಲಿ ಹೀಗೇ ನಿಲ್ಲುತ್ತಿದ್ದನೋ ಏನೋ. ಹತ್ತಿಕಡ್ಡಿಯನ್ನು ಕೇಳಿದ.

"ತಂತಿಯ ಗಂಟು ಬಿಚ್ಚಿದ್ದು ಯಾರು?"

"ನಾನೇ ಸರ್. ನನ್ನ ಕೋಣೇಲಿ."

"ಒಳಮೈ ಒರೆಸಿದೆಯಾ?"

"ಒರೆಸಿದೆ. ಸತ್ತವರದ್ದಿತ್ತು. ಗಂಡನದ್ದಿತ್ತು."

"ಅಪರಿಚಿತನದ್ದು?"

"ಇರಲಿಲ್ಲ. ಹೊರಗಡೆ, ಪ್ಲಗ್ ಮೇಲೆ, ಹಿಡಿ ಮೇಲೆ ಇತ್ತು. ಗಂಟಿನ ಒಳಗೆ ಇರಲಿಲ್ಲ."

"ಗಂಟಿಗೆ ಪುಡಿ ಹಚ್ಚಿದ್ಯಾ?" ಈ ಪ್ರಶ್ನೆ ಮಗಳಿಗೆ.

"ಇಲ್ಲ. ಬಟ್ಟೆ ಸುತ್ತಿದ ತಂತಿ, ಬೆರಳು ಏಳಲ್ಲ ಅಂತ ಬಿಟ್ಟೆ."

"ಹಾಗಾದ್ರೆ ಬ್ರಷ್ ಹೋದ ಕಡೆಯೆಲ್ಲ ನಾನಿದ್ದೀನಿ, ಬ್ರಷ್ ಹೋಗದ ಕಡೆ ನಾನಿಲ್ಲ," ಎಂದ ಅಪ್ಪ. "ಗಂಟಿನ ಒಳಗೆ ಸತ್ತವಳು ಬಿಟ್ರೆ ಅವಳ ಗಂಡ ಒಬ್ಬನೇ. ಮಧ್ಯಾಹ್ನ ಎರಡಕ್ಕೆ ಆ ಮನೆಗೆ ಬಂದ ತಂತಿ. ಗಂಟು ಹಾಕಿದವನ ಬೆವರು ಗಂಟಿನ ಒಳಗೇ ಉಳಿಯೋದು. ಇಷ್ಟು ಓದೋಕೆ ಎರಡು ತಿಂಗಳು ಬೇಕಾಯ್ತಾ ನಿಮಗೆ? ದಂಡಪಿಂಡಗಳು."

ಬೈದು ಮುಗಿಸಿ, ಸಹಿಯ ಕಾಗದ ಎಳೆದುಕೊಂಡು ಸಹಿ ಮಾಡಿದ. ಆಮೇಲೆ ಕುರ್ಚಿಯನ್ನು ಬೆಳಕಿಗೆ ಸರಿಸಿಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದ. ಮೂರು ಹಲ್ಲು ಉಳಿದಿದ್ದವು. ಅದನ್ನು ಅವನು ಯಾರಿಗೂ ತೋರಿಸುತ್ತಿರಲಿಲ್ಲ. ಊಟವನ್ನೂ ಗೋಡೆಯ ಕಡೆ ತಿರುಗಿ ಮಾಡುತ್ತಿದ್ದ. ಹತ್ತಿಕಡ್ಡಿ ಕಡ್ಡಿ ಹಿಡಿದು ಹಿಂದೆಮುಂದೆ ನೋಡಿದಳು. ಪುಡಿಯಮ್ಮ ಕಡ್ಡಿಯನ್ನು ಅವಳಿಂದ ಕೇಳಲು ಕೈ ಚಾಚಿದಳು, ಹತ್ತಿಕಡ್ಡಿ ತಲೆಯಲ್ಲಾಡಿಸಿದಳು. ಮಗಳು ಮುಟ್ಟಿದರೆ ಅದೂ ಕೆಡುತ್ತದೆ. ಪುಡಿಯಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು.

ಸಂಜೆ ಐದಕ್ಕೆ ಯಂತ್ರ ಬಾಯಿ ಬಿಟ್ಟಿತು. ಈ ಸಲ ಪೂರ್ತಿ ಹೊಂದಿತ್ತು.

ಗುರುವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಹೋದಾಗ ಕನ್ನಡಕದವನ ಮನೆಯ ಮುಂದೆ ಎರಡು ಸೂಟ್‌ಕೇಸ್, ಒಂದು ಟ್ಯಾಕ್ಸಿ. ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಎನ್ನುವಂಥ ಮನುಷ್ಯ, ನಗುತ್ತಲೇ ಬರಮಾಡಿಕೊಂಡನಂತೆ. "ಮತ್ತೆ ತಪ್ಪು ಮಾಡ್ತಿದ್ದೀರಿ ಸರ್" ಎಂದನಂತೆ. ಇಸ್ತ್ರಿಪೆಟ್ಟಿಗೆ ಆ ಮನೆಗೆ ಎಷ್ಟು ಹೊತ್ತಿಗೆ ಬಂತು ಎಂದು ಹೇಳಿದ ಮೇಲೆ ಸೂಟ್‌ಕೇಸಿನ ಮೇಲೆ ಕೂತುಬಿಟ್ಟನಂತೆ. ಪೆಟ್ಟಿಗೆ ಅತ್ತೆಯದು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಗ್ರಂಥಪಾಲಕಿಯ ಕೊಲೆಯನ್ನು ಪತ್ರಿಕೆಯಲ್ಲಿ ಓದಿ, ಕುರ್ಚಿ ಗೋಡೆ ತಂತಿ ಎಲ್ಲವನ್ನೂ ನಕಲು ಮಾಡಿದ್ದ. ಒಂಬತ್ತು ದಿನದ ಮೇಲೆ ಬಿಟ್ಟುಕಳಿಸಿದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯವಾದದ್ದು ತನಗೇ ಎಂದು ಒಪ್ಪಿಕೊಂಡ. ಅವನ ಸುಳ್ಳಿಗೆ ಪ್ರಮಾಣಪತ್ರ ಕೊಟ್ಟಿದ್ದು ಪುಡಿಯಮ್ಮನ ಬ್ರಷ್.

ಗ್ರಂಥಪಾಲಕಿಯನ್ನು ಕೊಂದವನು ಯಾರೆಂದು ಈಗ ಯಾರಿಗೂ ಗೊತ್ತಿಲ್ಲ. ಅವನದೆಂದು ಕಾಪಾಡಿಕೊಂಡಿದ್ದ ಗುರುತು ಅವನದಲ್ಲ. ಐದು ತಿಂಗಳು ಅವನು ಆರಾಮವಾಗಿ ಓಡಾಡಿಕೊಂಡಿದ್ದಾನೆ. ಹಲ್ಲಿನ ಆಸ್ಪತ್ರೆಯ ಕಳ್ಳನಿಗೆ ಮಾಡದ ಜೊತೆಗಾರಿಕೆಗಾಗಿ ಎರಡು ಪಕ್ಕೆಲುಬು ಮುರಿದಿದ್ದವು.

ಶುಕ್ರವಾರ ನಿರ್ದೇಶಕರು ಪುಡಿಯಮ್ಮನ ಕೈಗೆ ಅಮಾನತಿನ ಪತ್ರ ಕೊಟ್ಟರು. ಸಂಜೆ ಬೀಗದ ಕೈ ಒಪ್ಪಿಸಬೇಕು. ಅವಳು ಮೂರು ಕಡತ ತೆಗೆದು, 'ಅಪರಿಚಿತ ಪುರುಷ' ಎಂದಿದ್ದ ಕಡೆಯೆಲ್ಲ ಗೆರೆ ಎಳೆದು 'ನನ್ನ ತಂದೆ' ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದಳು. ಹನ್ನೊಂದು ಕಡೆ ಬರೆಯಬೇಕಾಯಿತು. ಮನೆಯಲ್ಲಿ ಅಪ್ಪ ಬುಧವಾರದಿಂದ ಮಾತು ಬಿಟ್ಟಿದ್ದ.

ಒಂದು ಕೆಲಸ ಉಳಿದಿತ್ತು. ಮನೆಯಲ್ಲಿ ಸಿಕ್ಕ ಗುರುತುಗಳಲ್ಲಿ ಮನೆಯವರದು ಯಾವುದೆಂದು ಬೇರ್ಪಡಿಸಲು ಮಗುವಿನ ಬೆರಳಚ್ಚು ಬೇಕಾಗಿತ್ತು. ಮೊದಲೇ ತೆಗೆಯಬೇಕಿತ್ತು, ಅದನ್ನೂ ಬಿಟ್ಟಿದ್ದರು. ಮುದುಕಿ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಈ ಸಲ ಬೆಂಚಿನ ಮೇಲೆ ಕೂರದೆ ನೇರ ಒಳಗೇ ಬಂದಳು. ಪುಡಿಯಮ್ಮ ಏನಾದರೂ ಹೇಳಬೇಕೆಂದು ಬೆಳಿಗ್ಗೆಯಿಂದ ಮಾತು ಜೋಡಿಸಿಕೊಂಡಿದ್ದಳು.

"ನಾನು..."

"ಎಲ್ಲ ಕಡತದಲ್ಲಿದೆ," ಎಂದಳು ಮುದುಕಿ. "ಕೆಲಸ ಮುಗಿಸಿ. ನಾವು ಹೋಗಬೇಕು."

ಪುಡಿಯಮ್ಮ ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಗಾಜಿನ ಮೇಲೆ ಶಾಯಿ ಹರಡಿ, ಒಂದೊಂದೇ ಬೆರಳು ಹಿಡಿದು ಉರುಳಿಸಿದಳು. ಸಣ್ಣ ಬೆರಳು, ತಣ್ಣಗಿದ್ದವು. ಬಲಗೈಯ ಐದೂ ಆಯಿತು. ಎಡಗೈಯ ಹೆಬ್ಬೆರಳು ಹಿಡಿದಾಗ ಮಗು ಅವಳ ಮುಖವನ್ನು ನೇರವಾಗಿ ನೋಡಿತು.

"ಅಪ್ಪ ಒಳ್ಳೆಯವರು ಅಂತ ಹೇಳಿದ್ದು ನೀವೇ ಅಲ್ವಾ?"

ಪಡಸಾಲೆಯ ಆ ತುದಿಯಲ್ಲಿ ಹತ್ತಿಕಡ್ಡಿಯ ಯಂತ್ರ ಗುಂಯ್‌ಗುಡುತ್ತಿತ್ತು. ಪುಡಿಯಮ್ಮನಿಗೆ ಬ್ರಷ್ಷಿನ ಕಥೆ, ಅಪ್ಪನ ಕಥೆ, ಸುತ್ತೋಲೆಯ ಕಥೆ ಎಲ್ಲ ನಾಲಿಗೆಯ ತುದಿಗೆ ಬಂತು. ಅದರಲ್ಲಿ ಒಂದೂ ಈ ಪ್ರಶ್ನೆಗೆ ಉತ್ತರವಾಗಿರಲಿಲ್ಲ.

"ಹೌದು," ಎಂದಳು. "ನಾನೇ ಹೇಳಿದ್ದು."

ಮಗು ಹೆಬ್ಬೆರಳನ್ನು ಅವಳ ಕೈಯಿಂದ ಬಿಡಿಸಿಕೊಂಡು, ತಾನೇ ಶಾಯಿಗೆ ಅದ್ದಿ, ತಾನೇ ಕಾಗದದ ಮೇಲೆ ಒತ್ತಿತು. ಉಳಿದ ನಾಲ್ಕು ಬೆರಳನ್ನೂ ಹಾಗೇ ಒತ್ತಿತು. ಗುರುತುಗಳು ಅಷ್ಟು ಚೆನ್ನಾಗಿ ಬಂದಿರಲಿಲ್ಲ, ಆದರೆ ಪುಡಿಯಮ್ಮ ಮತ್ತೊಮ್ಮೆ ಕೈ ಕೊಡು ಎಂದು ಕೇಳಲಿಲ್ಲ.